ಲಾರ್ಡ್ ಮೇಯೊ: ವೈಸ್‌ರಾಯ್ ಆಗುವ ಮೊದಲು ಅವರು ಯಾರಾಗಿದ್ದರು?

ಪ್ರಶ್ನೆ

ನಮಸ್ಕಾರ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಮೇಯೊ ಹಾಲ್‌ನಲ್ಲಿರುವ ನ್ಯಾಯಾಲಯಗಳಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿದ್ದರೂ, ಆ ಕಟ್ಟಡ ಯಾರ ಸ್ಮಾರಕವೆಂದು ಈಚೆಗಷ್ಟೇ ವಿಚಾರಿಸಿದೆ. 1869ರಿಂದ 1872ರವರೆಗೆ ವೈಸ್‌ರಾಯ್ ಆಗಿದ್ದ ಮೇಯೊ ಐರ್ಲೆಂಡಿನ ಕುಲೀನ ಮನೆತನದವರೆಂದೂ ಅಂಡಮಾನಿನಲ್ಲಿ ಶೇರ್ ಅಲಿ ಎಂಬಾತನಿಂದ ಹತರಾದರೆಂದೂ ತಿಳಿಯಿತು. ಅಂಬಾಲಾ ದರ್ಬಾರಿನಲ್ಲಿ ಅವರನ್ನು ಭೇಟಿಯಾದವರ ಹೆಸರೂ ಶೇರ್ ಅಲಿಯೇ. ಇಬ್ಬರೂ ಒಬ್ಬರೇ? ಭಾರತಕ್ಕೆ ಬರುವ ಮೊದಲು ಮೇಯೊ ಏನು ಮಾಡುತ್ತಿದ್ದರು?

ಉತ್ತರ 1

ತಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಮೇಯೊ ಅವರ ಸ್ವಂತ ಹೆಸರು ರಿಚರ್ಡ್ ಬರ್ಕ್. ಹುಟ್ಟಿದ್ದು 1822ರಲ್ಲಿ, ಡಬ್ಲಿನ್‌ನಲ್ಲಿ. ಓದಿದ್ದು ಅಲ್ಲಿಯ ಟ್ರಿನಿಟಿ ಕಾಲೇಜಿನಲ್ಲಿ. ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡ್ ಮಹಾಕ್ಷಾಮದಲ್ಲಿ ನರಳುತ್ತಿದ್ದ 1847ರಲ್ಲಿಯೇ ಅವರು ಐರ್ಲೆಂಡಿನ ಕಿಲ್ಡೇರ್ ಕೌಂಟಿಯಿಂದ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದರು. ತಂದೆಯಿಂದ ಮೇಯೊದ ಅರ್ಲ್ ಎಂಬ ಕುಲೀನ ಪದವಿ ಬಂದದ್ದು 1867ರಲ್ಲಿ. ಅದಕ್ಕೂ ಮೊದಲು ಜನ ಅವರನ್ನು ಲಾರ್ಡ್ ನೇಸ್ ಎಂದೇ ಬಲ್ಲರು. ಕನ್ಸರ್ವೇಟಿವ್ ಪಕ್ಷ ಅಧಿಕಾರಕ್ಕೆ ಬಂದ ಮೂರು ಸಲವೂ, ಅಂದರೆ 1852, 1858 ಮತ್ತು 1866ರಲ್ಲಿ, ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯ, ಅಂದರೆ ಅಲ್ಲಿಯ ಆಡಳಿತ ನೋಡಿಕೊಳ್ಳುವ ಬ್ರಿಟಿಷ್ ಮಂತ್ರಿಯ, ಹೊಣೆ ಅವರ ಪಾಲಿಗೇ ಬಂತು. ಬ್ರಿಟಿಷ್ ಆಳ್ವಿಕೆಯಿಂದ ಬಿಡುಗಡೆ ಬಯಸಿದ ಐರಿಷ್ ಕ್ರಾಂತಿಕಾರಿಗಳಾದ ಫೀನಿಯನ್ನರ 1867ರ ಬಂಡಾಯವನ್ನು ಅಡಗಿಸಿದ ಸರ್ಕಾರದಲ್ಲಿದ್ದವರೂ ಅವರೇ, ಮರುವರ್ಷ ಕ್ಯಾಥೊಲಿಕರಿಗೊಂದು ವಿಶ್ವವಿದ್ಯಾಲಯ ಬೇಕೆಂಬ ಪ್ರಸ್ತಾವ ಮುಂದಿಟ್ಟವರೂ ಅವರೇ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಅವರು ನಮಗೆ ಅರ್ಥವಾಗುವುದಿಲ್ಲ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ವಿಷಯ ಸೇರಿಸುತ್ತೇನೆ. ಮೇಯೊ ಅವರ ಹೆಸರು ಉಳಿಯಬೇಕಾದದ್ದು ಅವರ ಸಾವಿನಿಂದಲ್ಲ, 1870ರ ಡಿಸೆಂಬರ್‌ನ ಹಣಕಾಸು ನಿರ್ಣಯದಿಂದ. ಅಲ್ಲಿಯವರೆಗೆ ಪ್ರಾಂತಗಳು ಸಣ್ಣಪುಟ್ಟ ವೆಚ್ಚಕ್ಕೂ ಕಲ್ಕತ್ತೆಯಲ್ಲಿದ್ದ ಕೇಂದ್ರ ಸರ್ಕಾರದ ಒಪ್ಪಿಗೆಗೆ ಕಾಯಬೇಕಿತ್ತು. ಉಳಿಸಿದ ಹಣ ಕೈಗೆ ಸಿಗದೆ ಹೋಗುತ್ತಿದ್ದುದರಿಂದ ಮಿತವ್ಯಯ ಯಾರಿಗೂ ಬೇಕಾಗಿರಲಿಲ್ಲ. ಜೈಲು, ಪೊಲೀಸು, ಶಿಕ್ಷಣ, ವೈದ್ಯಕೀಯ ಸೇವೆ, ರಸ್ತೆ ಮುಂತಾದ ಇಲಾಖೆಗಳನ್ನು ನಿಗದಿತ ಅನುದಾನದೊಡನೆ ಪ್ರಾಂತಗಳಿಗೆ ವಹಿಸಿ, ಉಳಿದದ್ದು ನಿಮ್ಮದೇ ಎಂದು ಹೇಳಿದ ಮೊದಲ ಕ್ರಮವಿದು. ಆದರೆ ಕೊರತೆ ತುಂಬಲು ಆದಾಯ ತೆರಿಗೆಯನ್ನು ಶೇಕಡಾ 1ರಿಂದ 3ಕ್ಕೂ ಮೇಲೆ ಏರಿಸಿದವರೂ ಅವರೇ ಎಂಬುದನ್ನು ಮರೆಯಬಾರದು. ಅದು ಜನರಲ್ಲಿ ತೀವ್ರ ಅಸಮಾಧಾನ ಹುಟ್ಟಿಸಿತು. 1871ರಲ್ಲಿ ಕೃಷಿಯನ್ನೂ ಒಳಗೊಂಡ ಒಂದು ಇಲಾಖೆ ತೆರೆದುದರ ಹಿಂದೆ, ಯೌವನದಲ್ಲಿ ಕಂಡ ಕ್ಷಾಮದ ನೆನಪೂ ಇದ್ದಿರಬೇಕೆಂದು ನನಗೆ ಅನ್ನಿಸುತ್ತದೆ.

ಉತ್ತರ 3

ಇಬ್ಬರು ಶೇರ್ ಅಲಿಗಳೂ ಬೇರೆ ಬೇರೆ. 1869ರ ಮಾರ್ಚ್‌ನಲ್ಲಿ ಅಂಬಾಲಾಕ್ಕೆ ಬಂದವರು ಆಫ್ಘಾನಿಸ್ತಾನದ ಅಮೀರ್ ಶೇರ್ ಅಲಿ ಖಾನ್. ಕೊಂದವನು ಶೇರ್ ಅಲಿ ಅಫ್ರೀದಿ. ಪೆಶಾವರದಲ್ಲಿ ಕುಟುಂಬ ವೈಷಮ್ಯದ ಕೊಲೆಯೊಂದಕ್ಕಾಗಿ ಮರಣದಂಡನೆಗೆ ಗುರಿಯಾಗಿ, ಅದು ಇಳಿದು ಕರಿನೀರಿನ ಶಿಕ್ಷೆಯಾದದ್ದರಿಂದ ಅಂಡಮಾನಿಗೆ ಬಂದಿದ್ದವನು. 1872ರ ಫೆಬ್ರವರಿ 8ರಂದು ಮೇಯೊ ಮೌಂಟ್ ಹ್ಯಾರಿಯಟ್ ಬೆಟ್ಟ ಹತ್ತಿ ಸೂರ್ಯಾಸ್ತ ನೋಡಿ, ಕತ್ತಲಾದ ಮೇಲೆ ಹೋಪ್‌ಟೌನ್‌ನ ದೋಣಿಕಟ್ಟೆಗೆ ಇಳಿದು ಬಂದಾಗ ಅವನು ಹಿಂದಿನಿಂದ ಎರಗಿ ಚಾಕುವಿನಿಂದ ಇರಿದನು. ಅವನನ್ನು ಮಾರ್ಚ್ 11ರಂದು ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಲಾಯಿತು. ಮೇಯೊ ಅವರ ದೇಹವನ್ನು ಹಡಗಿನಲ್ಲಿ ಐರ್ಲೆಂಡಿಗೆ ಒಯ್ದು, ಕಿಲ್ಡೇರ್‌ನ ಜಾನ್ಸ್‌ಟೌನ್ ಎಂಬ ಹಳ್ಳಿಯಲ್ಲಿ, ಪಾಳುಬಿದ್ದ ಹಳೆಯ ಚರ್ಚಿನೊಳಗೆ ಮಣ್ಣು ಮಾಡಲಾಯಿತು.