ಅಪ್ಪನ 2003ರ ಜೆನ್: 40 ಎಂಎಂ ಸ್ಪ್ರಿಂಗ್ ಹಾಕಿ ಇಳಿಸಬಹುದಾ?

ಮಂಡ್ಯ ಜೆನ್:

ಎಲ್ಲರಿಗೂ ನಮಸ್ಕಾರ. ಅಪ್ಪ 2003ರಲ್ಲಿ ಹೊಸದಾಗಿ ತಂದ ಮಾರುತಿ ಜೆನ್ ಈಗಲೂ ಮನೆಯಲ್ಲಿದೆ. ಕೆಎ 11 ನಂಬರ್, ಒಂದೇ ಕೈಯಲ್ಲಿ ಓಡಿದ ಗಾಡಿ. ಅಪ್ಪನಿಗೆ ಕಣ್ಣಿನ ತೊಂದರೆ ಶುರುವಾದ ಮೇಲೆ ಕೀ ನನ್ನ ಕೈಗೆ ಕೊಟ್ಟರು. ಇಂಜಿನ್ ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಈ ಗಾಡಿಯನ್ನು ಕೊಡುವ ಮಾತೇ ಇಲ್ಲ.

ಟೈರ್ ಕಂಪನಿಯದೇ ಅಳತೆ, 145/70 ಆರ್ 13. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಜಾಗ ಕಾಣುತ್ತದೆ. ಅದನ್ನು ಸ್ವಲ್ಪ ಇಳಿಸಬೇಕು ಅನ್ನುವುದು ಕಾಲೇಜಿನ ದಿನದಿಂದಲೂ ನನ್ನ ಆಸೆ. ಹೋದ ತಿಂಗಳು ಬೆಂಗಳೂರಿನಲ್ಲಿ ಒಬ್ಬರು ತಮ್ಮ ಜೆನ್ ಮಾರುವಾಗ ಬಿಚ್ಚಿಟ್ಟಿದ್ದ ಸ್ಪ್ರಿಂಗ್ ಸೆಟ್ ಸಿಕ್ಕಿತು. ನಾಲ್ಕೂ ಸೇರಿ 6,500 ರೂಪಾಯಿ ಕೊಟ್ಟೆ. ಡಬ್ಬದ ಮೇಲೆ 40 ಎಂಎಂ ಇಳಿತ ಅಂತ ಬರೆದಿದೆ.

ನಮ್ಮ ಗ್ಯಾರೇಜಿನವರಿಗೆ ತೋರಿಸಿದೆ. "ಇದಕ್ಕೆಲ್ಲ ಯಾಕಪ್ಪ ದುಡ್ಡು ಸುರಿದೆ? ಇರೋ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡ್ತಿದ್ದೆ" ಅಂದರು. ಶಾಕ್ಸ್ ಹಳೆಯದೇ ಸಾಕು ಅಂತಲೂ ಹೇಳಿದರು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ.

ವಾರದಲ್ಲಿ ಮೂರು ದಿನ ಕೆಲಸಕ್ಕೆ ಮೈಸೂರಿಗೆ ಹೋಗುತ್ತೇನೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಅದೊಂದು ಸುಖ. ಭಾನುವಾರ ಪಾಂಡವಪುರದ ಆಚೆ ನಮ್ಮ ಊರಿಗೆ. ವರ್ಷಕ್ಕೊಮ್ಮೆ ವೈರಮುಡಿಗೆ ಮನೆಯವರೆಲ್ಲ ಐದು ಜನ ಇದರಲ್ಲೇ ಮೇಲುಕೋಟೆಗೆ ಹೋಗುತ್ತೇವೆ. ಇನ್ನೊಂದು ವಿಷಯ: ಹಂಪ್ಸ್ ಇಳಿಯುವಾಗ ಹಿಂದೆ ಎಡಗಡೆ ಒಮ್ಮೊಮ್ಮೆ ಟಣ್ ಅಂತ ಸದ್ದು ಬರುತ್ತದೆ. ಶಾಕ್ಸ್ ಹೋಗಿರಬಹುದು ಅಂದುಕೊಂಡಿದ್ದೇನೆ.

ಸ್ಪ್ರಿಂಗ್ ಮಾತ್ರ ಬದಲಿಸಿದರೆ ನಡೆಯುತ್ತದಾ? 40 ಜಾಸ್ತಿ ಆಯಿತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಪಾಂಡವಪುರದವನು:

ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಕಡೆ ರಸ್ತೆ ನೋಡಿದ್ದೀರಲ್ಲ? ಟ್ರ್ಯಾಕ್ಟರ್ ಓಡಿ ಓಡಿ ಎರಡು ಕಡೆ ಗುಂಡಿ ಬೀಳುತ್ತದೆ, ನಡುವೆ ಮಣ್ಣು ದಿಬ್ಬದ ಹಾಗೆ ಎದ್ದು ನಿಲ್ಲುತ್ತದೆ. ಆ ದಿಬ್ಬ ನೇರವಾಗಿ ಆಯಿಲ್ ಚೇಂಬರಿಗೆ ತಗಲುತ್ತದೆ. ನನ್ನದು ಇಳಿಸದ ಗಾಡಿ, ಆದರೂ ಎರಡು ಸಲ ಉಜ್ಜಿದೆ. ಜೆನ್‌ನ ನೆಲದಿಂದ ಎತ್ತರ ಕಂಪನಿ ಲೆಕ್ಕದಲ್ಲೇ 165 ಎಂಎಂ. ಅದರಲ್ಲಿ 40 ಕಳೆದರೆ 125. ಐದು ಜನ ಕೂತರೆ ಇನ್ನೂ ಕೆಳಗೆ. ರಸ್ತೆಗಳಿಗೆ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಕಟ್ಟಿದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರಿನವು ಅಗಲವೇ ಇಲ್ಲದೆ ಗೋಡೆಯ ಹಾಗೆ ನಿಂತಿವೆ. ಊರಿನ ದಾರಿ ನೆನಪಿಟ್ಟುಕೊಂಡು ತೀರ್ಮಾನ ಮಾಡಿ.

ಹಳೇ ಗಾಡಿ ಮೈಸೂರು:

ತಮ್ಮ, ಮೊದಲು ಒಂದು ಮಾತು. ಸ್ಪ್ರಿಂಗ್ ಕತ್ತರಿಸಲು ಮಾತ್ರ ಬಿಡಬೇಡಿ. ನಾನು 2009ರಲ್ಲಿ ನನ್ನ ಜೆನ್‌ಗೆ ಅದನ್ನೇ ಮಾಡಿಸಿ ಅನುಭವಿಸಿದ್ದೇನೆ. ಹಿಂದಿನ ಎರಡು ಸ್ಪ್ರಿಂಗ್ ಗ್ರೈಂಡರ್‌ನಲ್ಲಿ ಕತ್ತರಿಸಿದರು. ನಿಂತಾಗ ಗಾಡಿ ಬಹಳ ಚೆಂದ ಕಾಣುತ್ತಿತ್ತು. ಜೆನ್‌ನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ಸ್ ಬೇರೆ. ಒಂದು ಹೊಂಡದಲ್ಲಿ ಚಕ್ರ ಪೂರ್ತಿ ಕೆಳಗೆ ಇಳಿದಾಗ ಗಿಡ್ಡವಾಗಿದ್ದ ಸ್ಪ್ರಿಂಗ್ ಸಡಿಲವಾಗಿ ತನ್ನ ಸೀಟಿನಿಂದ ಪಕ್ಕಕ್ಕೆ ಜರುಗಿತು. ಮತ್ತೆ ಗಾಡಿ ಕೂತಾಗ ಓರೆಯಾಗಿ ಕೂತಿತು. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗು. ನಂಜನಗೂಡು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದಾಗ ಕೈಕಾಲು ತಣ್ಣಗಾಯಿತು.

ಇನ್ನೊಂದು ತೊಂದರೆಯೂ ಇದೆ. ಸ್ಪ್ರಿಂಗಿನ ಗಟ್ಟಿತನ ಸುತ್ತಿನ ಲೆಕ್ಕದ ಮೇಲೆ ನಿಂತಿದೆ. ಕೆಲಸ ಮಾಡುವ ಸುತ್ತು ಆರಿದ್ದರೆ, ಒಂದು ತೆಗೆದು ಐದು ಮಾಡಿದರೆ ಗಟ್ಟಿತನ ಐದನೇ ಒಂದು ಭಾಗ ಏರುತ್ತದೆ. ಆದರೆ ಇಳಿಸಿದ್ದರಿಂದ ಹೋದ ಜಾಗಕ್ಕೆ ಅಷ್ಟು ಗಟ್ಟಿ ಸಾಲುವುದಿಲ್ಲ. ಕೆಲವರು ಗ್ಯಾಸ್‌ನಲ್ಲಿ ಕಾಯಿಸಿ ಕೂರಿಸುತ್ತಾರೆ, ಅದಂತೂ ಬೇಡವೇ ಬೇಡ. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗಿಬಿಡುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತದೆ, ಶಾಕ್ಸ್ ಅದರ ಕುಣಿತ ನಿಲ್ಲಿಸುತ್ತದೆ. ಇಳಿಸುವ ಸ್ಪ್ರಿಂಗ್ ಮೊದಲಿನದಕ್ಕಿಂತ ಗಟ್ಟಿ ಇರುತ್ತದೆ, ಅಂದರೆ ವಾಪಸ್ ಚಿಮ್ಮುವ ಜೋರೂ ಜಾಸ್ತಿ. ಇಪ್ಪತ್ತು ವರ್ಷದ ಸೋತ ಶಾಕ್ಸ್ ಅದನ್ನು ಹಿಡಿಯುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಸೇತುವೆಯ ಜಾಯಿಂಟ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಮೇಲೆ ಕೆಳಗೆ ಆಡುತ್ತದೆ. ಹಾಗಾಗಿ ನಾಲ್ಕೂ ಶಾಕ್ಸ್ ಹೊಸದು ಹಾಕಿ. ಜೊತೆಗೆ ಮುಂದಿನ ಸ್ಟ್ರಟ್ (ಸ್ಪ್ರಿಂಗೂ ಶಾಕ್ಸೂ ಒಂದಾಗಿರುವ ಕಂಬ) ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪರ್ (ಶಾಕ್ಸ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) ಕೂಡ. ಹೇಗೂ ಬಿಚ್ಚುತ್ತೀರಿ, ಎರಡು ಸಲ ಕೂಲಿ ಕೊಡುವುದು ಬೇಡ.

40 ಜಾಸ್ತಿಯಾ ಅಂತ ಕೇಳಿದ್ದೀರಿ. ಅದನ್ನು ನಿಮ್ಮ ಗಾಡಿಯೇ ಹೇಳಬೇಕು. ಹತ್ತು ರೂಪಾಯಿ ಖರ್ಚಿನಲ್ಲಿ ಕೇಳಬಹುದು. ಮುಂದಿನ ಚಕ್ರ ಬಿಚ್ಚಿ, ಸ್ಟ್ರಟ್ ಮೇಲಿರುವ ರಬ್ಬರ್ ಕವರ್ ಎತ್ತಿ. ಒಳಗೆ ಹೊಳೆಯುವ ರಾಡ್ ಕಾಣುತ್ತದೆ. ಅದಕ್ಕೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ. ತೀರಾ ಬಿಗಿ ಬೇಡ, ಬೆರಳಲ್ಲಿ ತಳ್ಳಿದರೆ ಜಾರುವಷ್ಟು ಸಾಕು. ಅದನ್ನು ಕೆಳಗೆ ಶಾಕ್ಸ್‌ನ ಮೈಗೆ ತಾಗುವಂತೆ ಇಳಿಸಿ ಬಿಡಿ. ಚಕ್ರ ಹಾಕಿ ನಿಮ್ಮ ಊರಿಗೆ ಹೋಗಿ ಬನ್ನಿ, ಸಾಧ್ಯವಾದರೆ ಮನೆಯವರನ್ನೂ ಕೂರಿಸಿಕೊಂಡು. ವಾಪಸ್ ಬಂದು ನೋಡಿದರೆ ಟೈ ಮೇಲಕ್ಕೆ ಸರಿದಿರುತ್ತದೆ. ಅದು ನಿಂತ ಜಾಗಕ್ಕೂ ಬಂಪ್ ಸ್ಟಾಪರಿಗೂ ನಡುವೆ ಉಳಿದದ್ದೇ ನಿಮ್ಮ ಕೈಲಿರುವ ಉಳಿತಾಯ. ಅಲ್ಲಿ 15 ಎಂಎಂ ಮಾತ್ರ ಉಳಿದಿದ್ದರೆ 40 ಇಳಿಸಿದ ಗಾಡಿ ದಿನಾ ಸ್ಟಾಪರ್ ಮೇಲೇ ಬೀಳುತ್ತದೆ. ಗಟ್ಟಿ ಸ್ಪ್ರಿಂಗ್ ಸ್ವಲ್ಪ ತಡೆಯಬಹುದು, ಪೂರ್ತಿ ಅಲ್ಲ.

ಕೆಲಸ ಶುರು ಮಾಡುವ ಮುಂಚೆ ನಾಲ್ಕೂ ಮೂಲೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಹೆಚ್ಚು ಕಡಿಮೆ ಆದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಡುಬಿಂದುವಿನಿಂದ ಮೇಲೆ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ಎಡಕ್ಕೂ ಬಲಕ್ಕೂ ಜಾಸ್ತಿ ವ್ಯತ್ಯಾಸ ಬಂದರೆ ಮೊದಲು ಅದರ ಕಾರಣ ಹುಡುಕಿ. ಆ ಟಣ್ ಸದ್ದು ನನಗೆ ಶಾಕ್ಸ್ ಸದ್ದಿನ ಹಾಗೆ ಅನ್ನಿಸುತ್ತಿಲ್ಲ. ಶಾಕ್ಸ್ ಹೋದರೆ ದಡ್ ದಡ್ ಅನ್ನುತ್ತದೆ. ಅಲ್ಲಿ ಸ್ಪ್ರಿಂಗ್ ಕೂರುವ ಬಟ್ಟಲನ್ನು ತೊಳೆದು ನೋಡಿ.

ಮುಂದಿನ ಚಕ್ರಗಳದು ಮ್ಯಾಕ್‌ಫರ್ಸನ್ ಅನ್ನುವ ಮಾದರಿಯ ಸ್ಟ್ರಟ್. ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮಟ್ಟವಾಗಿ ಅಥವಾ ಸ್ವಲ್ಪ ಇಳಿಜಾರಾಗಿ ಇದ್ದರೆ ಒಳ್ಳೆಯದು. ತುಂಬಾ ಇಳಿಸಿದರೆ ಅದು ಚಕ್ರದ ಕಡೆಗೆ ಮೇಲಕ್ಕೆ ಏರುತ್ತದೆ. ಆಗ ಬಾಡಿ ವಾಲುವ ಕೇಂದ್ರ, ಅಂದರೆ ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಇಳಿಸಿದ್ದು ತಿರುವಿನಲ್ಲಿ ನೆಟ್ಟಗೆ ನಿಲ್ಲಲಿ ಅಂತ, ಆದರೆ ವಾಲಿಸುವ ಬಲವೇ ಜಾಸ್ತಿ ಆಗುತ್ತದೆ. ಇದು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. ನಾನು ಕೊನೆಗೆ 25 ಎಂಎಂ ಸೆಟ್ ಹಾಕಿಸಿ ಅಲ್ಲಿಗೇ ನಿಂತೆ. ಚಾಮುಂಡಿ ಬೆಟ್ಟ ಇಳಿಯುವಾಗ ಗಾಡಿ ಅಂಟಿಕೊಂಡ ಹಾಗೆ ತಿರುಗುತ್ತದೆ, ಹಂಪ್ಸ್‌ನಲ್ಲಿ ತಗಲುವುದಿಲ್ಲ.

ಕೊನೆಯದಾಗಿ ಬುಷ್ ವಿಷಯ. ಇದನ್ನು ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ಮಾಡಿಸಿ. ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್ ಒಳಗಿನ ಕಬ್ಬಿಣದ ಕೊಳವೆ ಬೋಲ್ಟ್ ಬಿಗಿ ಮಾಡಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ರಬ್ಬರ್ ತಿರುಚಿಕೊಂಡು ಕೆಲಸ ಮಾಡುತ್ತದೆ. ಜಾಕಿ ಮೇಲೆ ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನನ್ನದು ಐದೇ ತಿಂಗಳಿಗೆ ಹರಿದುಹೋಯಿತು. ಬಿಚ್ಚಿದಾಗ ಬುಷ್ ಒಣಗಿದ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ಆರ್ಮ್‌ಗಳದು, ಹಿಂದಿನ ಅಡ್ಡ ರಾಡಿನದು, ಎಲ್ಲ ಬೋಲ್ಟನ್ನೂ ಮೊದಲು ಕೈಬಿಗಿ ಮಾತ್ರ ಮಾಡಿಸಿ. ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಒತ್ತಿ ಕುಲುಕಿ, ಆಮೇಲೆ ಪೂರ್ತಿ ಬಿಗಿ.

ಆದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಟೈರ್ ಒಳ ಅಂಚು ಬೇಗ ಸವೆಯುತ್ತದೆ. ಒಂದೆರಡು ವಾರ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ನೋಡಿಸಿ. ಹೆಡ್‌ಲೈಟ್ ಮಟ್ಟವನ್ನೂ ಸರಿ ಮಾಡಿಸಿ. ಮತ್ತೆ, ಸ್ಟ್ರಟ್ ಬಿಚ್ಚುವಾಗ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಮುಟ್ಟಲು ಯಾರನ್ನೂ ಬಿಡಬೇಡಿ. ಅದು ಚಿಮ್ಮಿದರೆ ಮುಖವೇ ಉಳಿಯುವುದಿಲ್ಲ.

ಕೆಎ 09:

ಕಾನೂನಿನ ಬಗ್ಗೆ ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ನಿಮ್ಮ ಗಾಡಿಗೆ 15 ವರ್ಷ 2018ಕ್ಕೇ ಮುಗಿದಿದೆ. ಆಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಅಂದರೆ ಮುಂದಿನದು 2028. ಆಗ ಇನ್ಸ್‌ಪೆಕ್ಟರ್ ಗಾಡಿ ನೋಡುತ್ತಾರೆ. ಸ್ಪ್ರಿಂಗ್ ಹಾಕುವ ಮುಂಚೆ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಹೇಳದೆ ಮಾಡಿದರೆ ನಾಳೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು. ಕಂಪನಿ ಸ್ಪ್ರಿಂಗ್ ನಾಲ್ಕನ್ನೂ ಗ್ರೀಸ್ ಹಚ್ಚಿ ಎತ್ತಿಡಿ.

ಮಂಡ್ಯ ಜೆನ್:

ಎಲ್ಲರಿಗೂ ಧನ್ಯವಾದ. ಮೈಸೂರಿನ ಅಣ್ಣ, ನೀವು ಹೇಳಿದ್ದೆಲ್ಲ ಈ ಭಾನುವಾರ ಮಾಡಿದೆ.

ಚಕ್ರದ ನಡುಬಿಂದುವಿನಿಂದ ಅಳೆದೆ. ಮುಂದೆ ಎಡ ಬಲ ಒಂದೇ. ಹಿಂದೆ ಎಡಗಡೆ ಬಲಕ್ಕಿಂತ 12 ಎಂಎಂ ಕಡಿಮೆ. ಜಾಕಿ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಬಟ್ಟಲಿಗೆ ನೀರು ಬಿಟ್ಟು ತೊಳೆದೆ. ಎಷ್ಟು ವರ್ಷದ ಕೆಸರೋ, ಗಟ್ಟಿ ಮಣ್ಣಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆದಕಿದಾಗ ಸ್ಪ್ರಿಂಗಿನ ಕೊನೆಯ ಸುತ್ತಿನ ತುಂಡು ಕೈಗೆ ಬಂತು, ಬೆರಳುದ್ದ. ಮುರಿದ ಬಾಯಿ ಪೂರ್ತಿ ತುಕ್ಕು, ನಡುವೆ ಮಾತ್ರ ಒಂದು ಚೂರು ಬೆಳ್ಳಗೆ ಹೊಳೆಯುತ್ತಿತ್ತು. ಆ ಟಣ್ ಸದ್ದು ಇದರದ್ದೇ. ಇದೇ ಸ್ಪ್ರಿಂಗ್ ಮೇಲೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮೇಲುಕೋಟೆ ಹತ್ತಿ ಇಳಿದಿದ್ದೇನೆ ಅಂತ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತುಂಡನ್ನು ಅಪ್ಪನ ಕೈಗೆ ಕೊಟ್ಟೆ. ಬಹಳ ಹೊತ್ತು ಸವರಿ ನೋಡಿದರು.

ಗಾಡಿ ಆಚೆ ತೆಗೆಯುವುದು ಬೇಡ ಅಂತ ನಿಲ್ಲಿಸಿದ್ದೇನೆ. ಕೇಬಲ್ ಟೈ ಮಾತ್ರ ಹಿಂದಿನ ದಿನ ಶನಿವಾರವೇ ಕಟ್ಟಿ ಊರಿಗೆ ಹೋಗಿ ಬಂದಿದ್ದೆ. ಮುಂದೆ ಎಡಗಡೆ ಸ್ಟಾಪರಿಗೆ 18 ಎಂಎಂ ಉಳಿದಿತ್ತು, ಬಲಗಡೆ 20. ನಾನು ಒಬ್ಬನೇ ಇದ್ದಾಗಿನ ಲೆಕ್ಕ ಇದು.

ಹಾಗಾಗಿ 40 ಬೇಡ ಅಂತ ತೀರ್ಮಾನ ಮಾಡಿದೆ. ಮೊದಲು ಹಿಂದೆ ಎರಡೂ ಕಡೆ ಹೊಸ ಕಂಪನಿ ಸ್ಪ್ರಿಂಗ್, ನಾಲ್ಕು ಶಾಕ್ಸ್, ಬುಷ್‌ಗಳು, ಮುಂದಿನ ಮೌಂಟ್. ಅದರಲ್ಲಿ ಒಂದು ವೈರಮುಡಿ ಮುಗಿಯಲಿ. ಆಮೇಲೆ ಆರ್‌ಟಿಒದಲ್ಲಿ ಕೇಳಿ, ಒಪ್ಪಿದರೆ ನಿಮ್ಮ ಹಾಗೆ 25ರ ಸೆಟ್ ನೋಡುತ್ತೇನೆ.

ಅಣ್ಣ, ನಿಮ್ಮ ಹತ್ತಿರ ಕಂಪ್ರೆಸರ್ ಇದ್ದರೆ ಮುಂದಿನ ಭಾನುವಾರ ತರುತ್ತೀರಾ? ಬುಷ್ ಬಿಗಿ ಮಾಡುವಾಗ ನೀವು ಪಕ್ಕದಲ್ಲಿದ್ದರೆ ನನಗೆ ಧೈರ್ಯ. ಬೆಳಗ್ಗೆ ಎಂಟಕ್ಕೆ ಶುರು ಮಾಡೋಣ.

ಹಳೇ ಗಾಡಿ ಮೈಸೂರು:

ಕಂಪ್ರೆಸರ್ ಇದೆ, ಟಾರ್ಕ್ ರೆಂಚೂ ತರುತ್ತೇನೆ. ಏಳೂವರೆಗೆ ಬರುತ್ತೇನೆ. ಸ್ಟ್ರಟ್ ಬೋಲ್ಟ್‌ಗಳಿಗೆ ಶುಕ್ರವಾರ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಶನಿವಾರ ಇನ್ನೊಂದು ಸಲ. ಬ್ರೇಕ್ ಪೈಪ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಆ ಮುರಿದ ತುಂಡು ಬಿಸಾಡಬೇಡಿ, ನಾನೂ ನೋಡಬೇಕು.