ಬೈಸೆಕ್ಷುವಲ್ ಕೂಟದ ನಡವಳಿಕೆ ಸೂಚನೆಗೆ ಕನ್ನಡ ಪದಗಳು: ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 23 ಬೈಸೆಕ್ಷುವಲ್ ಜನರ, ಎಂದರೆ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಒಲವಿರುವವರ ದಿನ. 1999ರಿಂದ ಹಲವು ದೇಶಗಳಲ್ಲಿ ಆಚರಣೆಯಲ್ಲಿದೆ. ಅಂದು ಇಲ್ಲೊಂದು ಕೂಟವಿದೆ, ಸುಮಾರು 80 ಜನ. ಬಾಗಿಲಿಗೆ ಹಾಕುವ ಎ-3 ಹಾಳೆಗೂ ಕೈಗೆ ಕೊಡುವ ಚೀಟಿಗೂ ಕನ್ನಡ ಬೇಕು. ಪ್ರೆಸ್ಸಿನವರು ನಾಳೆ 11ಕ್ಕೆ ಫೈಲ್ ಕೇಳಿದ್ದಾರೆ. ಇಂಗ್ಲಿಷ್ ಮೂಲ ಇಂಥ ಕಡೆ ವಾಡಿಕೆಯಲ್ಲಿರುವಂಥದೇ: ಕೇಳದೆ ಮುಟ್ಟಬಾರದು, ಕೇಳದೆ ಫೋಟೊ ತೆಗೆಯಬಾರದು, ಯಾರು ಬಂದಿದ್ದರೆಂದು ಹೊರಗೆ ಹೇಳಬಾರದು, ಬೇಡ ಎಂದವರ ಬೆನ್ನು ಹತ್ತಬಾರದು, ತೊಂದರೆಯಾದರೆ ಯಾರನ್ನು ಹುಡುಕಬೇಕು.

ಸಿಕ್ಕಿಕೊಂಡಿರುವುದು ನಾಲ್ಕು ಕಡೆ. ಬೈಸೆಕ್ಷುವಲ್ ಎಂಬುದಕ್ಕೇ ಏನು ಬರೆಯುವುದು? ತಲೆಬರಹಕ್ಕೆ ‘ನೀತಿ ಸಂಹಿತೆ’ ಸಾಕೇ? ‘ಸಮ್ಮತಿ’ಯೋ ‘ಒಪ್ಪಿಗೆ’ಯೋ? ಒಬ್ಬರ ಒಲವಿನ ವಿಷಯವನ್ನು ಇನ್ನೊಬ್ಬರು ಹೊರಗೆಡಹುವುದಕ್ಕೆ ಪದ ಯಾವುದು? ಬರುವವರಲ್ಲಿ ಕಾಲೇಜು ಹುಡುಗರು, ಗಾರ್ಮೆಂಟ್ಸ್ ಕೆಲಸದ ಹೆಂಗಸರು, ಮದುವೆಯಾಗಿ ಮಕ್ಕಳಿರುವವರು ಎಲ್ಲರೂ ಇದ್ದಾರೆ. ಬಾಗಿಲಲ್ಲಿ ನಿಂತು ಒಂದು ನಿಮಿಷ ಓದಿದರೆ ತಿಳಿಯಬೇಕು.

ಮೈಸೂರಿನಿಂದ:

ದ್ವಿಲಿಂಗಾಸಕ್ತ. ಸ್ತ್ರೀಲಿಂಗಕ್ಕೆ ದ್ವಿಲಿಂಗಾಸಕ್ತೆ, ಬಹುವಚನ ದ್ವಿಲಿಂಗಾಸಕ್ತರು. ಪತ್ರಿಕೆಗಳ ‘ದ್ವಿಲಿಂಗಿ’ ತಪ್ಪು. ದಾಸವಾಳ, ಸಾಸಿವೆ ದ್ವಿಲಿಂಗಿ ಹೂಗಳು, ಪಪ್ಪಾಯಿ ಏಕಲಿಂಗಿ ಎಂದು ಹೈಸ್ಕೂಲಿನ ಪಾಠದಲ್ಲೇ ಇದೆ. ಒಂದೇ ಒಡಲಲ್ಲಿ ಎರಡು ಲಿಂಗ ಇರುವುದು ಬೇರೆ, ಎರಡೂ ಲಿಂಗದವರತ್ತ ಮನಸ್ಸು ಹರಿಯುವುದು ಬೇರೆ. ಹೂವಿನ ಪದವನ್ನು ಮನುಷ್ಯರಿಗೆ ಅಂಟಿಸಿದರೆ ಅಂತರಲಿಂಗಿಗಳ, ಎಂದರೆ ಗಂಡು ಅಥವಾ ಹೆಣ್ಣು ಎಂದು ಪೂರ್ತಿ ಹೊಂದದ ಒಡಲಿನೊಂದಿಗೆ ಹುಟ್ಟಿದವರ ಜೊತೆ ಕಲಸಿಹೋಗುತ್ತದೆ. ‘ದ್ವಿಲಿಂಗಕಾಮಿ’ ಖಂಡಿತ ಬೇಡ. ‘ಕಾಮಿ’ ಕಾಮುಕನ ಪಕ್ಕದ ಮನೆಯ ಪದ; ‘ಸಲಿಂಗಕಾಮಿ’ ಮಾಡಿದ ಹಾನಿ ಸಾಕು. ತಲೆಬರಹಕ್ಕೆ ನೀತಿ ಸಂಹಿತೆ ಸರಿಯಾಗಿಯೇ ಇದೆ. ಚರ್ಚೆಗೆ ಏನೂ ಉಳಿದಿಲ್ಲ.

ತುಮಕೂರಿನಿಂದ:

ತುಂಬಾ ಉಳಿದಿದೆ. ಸಂಸ್ಕ್ರುತದ ಮೂರು ತುಂಡು ಪೋಣಿಸಿ ಇದೇ ಕನ್ನಡ ಎಂದರೆ ಒಪ್ಪಲಾಗದು. ‘ಒಲವು’ ನಮ್ಮದೇ ಪದ. ಎರಡರತ್ತಲೂ ಒಲವಿರುವವರು ಈರೊಲವಿಗರು. ಕೆಲವರು ‘ಇಬ್ಬಗೆಯೊಲವು’ ಎನ್ನುತ್ತಾರೆ, ಅದು ಬೇಡ. ಇಬ್ಬಗೆ ಎಂದೊಡನೆ ‘ಇಬ್ಬಗೆಯ ನೀತಿ’ ನೆನಪಾಗಿ ಒಳಗೊಂದು ಹೊರಗೊಂದು ಎಂಬ ಹುರುಳು ಬರುತ್ತದೆ. ಈ ಮಂದಿಯನ್ನು ಹಳಿಯುವವರು ಮೊದಲೇ ಆಡುವ ಮಾತು ಅದು. ತೆರೆಯುಲಿಯ (ಸ್ವರದ) ಮುಂದೆ ಎರಡು ಎಂಬುದು ಈರ್ ಆಗುವುದು ಹಳೆಯ ಕಟ್ಟಲೆ: ಈರಾರು, ಈರೇಳು. ಹಾಗೇ ಈರೊಲವು. ಕನ್ನಡ–ಸಂಸ್ಕ್ರುತ ಬೆರೆಸುವ ಅರಿಸಮಾಸದ ತೊಡಕಿಲ್ಲ. ತಲೆಬರಹಕ್ಕೆ ‘ನಡೆನುಡಿ’ ಇರುವಾಗ ಸಂಹಿತೆ ಯಾಕೆ?

ಅನುವಾದಕಿ:

ಸರ್, ಈರೊಲವು ಕಟ್ಟಿದ ಬಗೆ ಸರಿ. ಆದರೆ ಬಾಗಿಲಲ್ಲಿ ನಿಂತವರಿಗೆ ಇದು ತಮ್ಮ ಹೆಸರು ಎಂದೇ ಗೊತ್ತಾಗುವುದಿಲ್ಲ.

‘ದ್ವಿಲಿಂಗಾಸಕ್ತ’ದ ತೊಡಕು ಬೇರೆ. ಇವತ್ತಿನ ಕನ್ನಡದಲ್ಲಿ ‘ಆಸಕ್ತರು ಅರ್ಜಿ ಸಲ್ಲಿಸಬಹುದು’, ‘ಆಸಕ್ತರು ಸಂಪರ್ಕಿಸಿ’. ಬೈಸೆಕ್ಷುವಲ್ ಜನ ಎಲ್ಲಿ ಹೋದರೂ ಎದುರಿಸುವ ಕಾಟವೇ ಇದು: ಎರಡೂ ಕಡೆಯವರು ಎಂದ ಮೇಲೆ ಯಾರು ಕರೆದರೂ ಬರುತ್ತಾರೆ, ಗಂಡ ಹೆಂಡತಿ ಇಬ್ಬರ ನಡುವೆ ಮೂರನೆಯವರಾಗಿಯೂ ಬರುತ್ತಾರೆ ಎಂಬ ಊಹೆ. ಸೂಚನೆ ಬರೆಯುತ್ತಿರುವುದೇ ಆ ಊಹೆಯನ್ನು ಬಾಗಿಲಲ್ಲೇ ನಿಲ್ಲಿಸಲು. ಹೆಸರೇ ಕರೆಯೋಲೆಯಂತೆ ಕೇಳಿಸಬಾರದು. ಜೊತೆಗೆ ದ್ವಿ, ಉಭಯ, ಈರ್ ಮೂರೂ ಎರಡಕ್ಕೇ ನಿಲ್ಲುತ್ತವೆ. ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಒಲವು ಎಂಬ ಅರ್ಥದಲ್ಲಿ ಈ ಪದ ಹೇಳಿಕೊಳ್ಳುವವರು ಈಗ ತುಂಬಾ ಇದ್ದಾರೆ. ಗಂಡು ಎಂದೂ ಹೆಣ್ಣು ಎಂದೂ ಹೇಳಿಕೊಳ್ಳದವರೂ ಅದರೊಳಗೆ ಬರುತ್ತಾರೆ.

ಮಂಗಳೂರಿನಿಂದ:

ತಲೆಬರಹದ ಬಗ್ಗೆ. ‘ನೀತಿ ಸಂಹಿತೆ’ ಎಂದರೆ ಚುನಾವಣೆ, ಬ್ಯಾನರ್ ತೆರವು, ಚೆಕ್‌ಪೋಸ್ಟ್. ‘ನಡವಳಿ’ ಸರ್ಕಾರಿ ಆದೇಶದ ನೆತ್ತಿಯ ಮೇಲಿನ ಪದ. ‘ಶಿಷ್ಟಾಚಾರ’ ಮಂತ್ರಿಗಳು ಬಂದಾಗಿನದು. ‘ನಡತೆ’ಯನ್ನಂತೂ ಮುಟ್ಟಬೇಡಿ: ಶಾಲೆಯ ನಡತೆ ಪತ್ರ, ಜೈಲಿನ ಸನ್ನಡತೆ, ಕೊನೆಗೆ ‘ಅವಳ ನಡತೆ ಸರಿಯಿಲ್ಲ’. ಆ ಮಾತು ಕೇಳಿಸಿಕೊಂಡೇ ಬೆಳೆದವರು ಬರುವ ಬಾಗಿಲಿಗೆ ಅದೇ ಪದ ಬರೆದು ಅಂಟಿಸುತ್ತೀರಾ? ತುಮಕೂರಿನವರ ‘ನಡೆನುಡಿ’ ಇಡಿ. ಸೂಚನೆಯಲ್ಲಿ ಮೈ ಮುಟ್ಟುವುದರ ಬಗ್ಗೆಯೂ ಇದೆ, ಮಾತಿನ ಬಗ್ಗೆಯೂ ಇದೆ. ಎರಡನ್ನೂ ಅದೊಂದೇ ಹೊರುತ್ತದೆ.

‘ಬೈ’ ಎಂದು ಮೊಟಕು ಮಾಡುವ ಯೋಚನೆ ಇದ್ದರೆ ಬಿಡಿ. ಕನ್ನಡ ಲಿಪಿಯಲ್ಲಿ ‘ಬೈ ಸಮುದಾಯ’ ಎಂದು ಓದಿದವರಿಗೆ ಬಯ್ಯುವುದೇ ಕಣ್ಣಿಗೆ ಬೀಳುತ್ತದೆ. ‘ಡಬಲ್ ಡೆಕ್ಕರ್’ ಎಂದು ನಮ್ಮಲ್ಲಿ ಬಳಕೆಯಲ್ಲಿದೆ ನಿಜ. ಅದು ಗಂಡಸರ ನಡುವಿನ ಕೂಡುವಿಕೆಯಲ್ಲಿ ಎರಡೂ ಬಗೆ ಒಪ್ಪುವವರಿಗೆ ಹುಟ್ಟಿದ ಮಾತು. ಒಲವಿನ ಹೆಸರಲ್ಲ, ಹೆಂಗಸರನ್ನು ಒಳಗೊಳ್ಳುವುದೂ ಇಲ್ಲ.

ಧಾರವಾಡದಿಂದ:

ಎಲ್ಲಾರೂ ಹೆಸರಿನ ಮ್ಯಾಲೆ ಕುಂತೀರಿ, ಮೂರನೇ ಪ್ರಶ್ನೆ ನೋಡ್ರಿ, ಪೆಟ್ಟು ಬೀಳೂದು ಅಲ್ಲೇ. ‘ಸಮ್ಮತಿ’ ಬ್ಯಾಡ್ರಿ. ಆ ಪದದ ಬೆನ್ನಿಗೆ ‘ಮೌನಂ ಸಮ್ಮತಿ ಲಕ್ಷಣಂ’ ಬಂದೇ ಬರ್ತದ. ಹೆಣ್ಣು ನೋಡಾಕ ಬಂದಾಗಿಂದ ಪಂಚಾಯ್ತಿ ಕಟ್ಟೀ ತನಕ ಸುಮ್ಮನಿದ್ದವರನ್ನ ಒಪ್ಪಿದವರು ಅಂತ ಲೆಕ್ಕ ಹಿಡಿಯೂದು ಅದರ ಬಲದ ಮ್ಯಾಲೇ. ಇಲ್ಲಿ ಬೇಕಾಗಿದ್ದು ಅದರ ಉಲ್ಟಾ: ಸುಮ್ಮನಿದ್ರ ಒಪ್ಪಿಲ್ಲ ಅಂತ ತಿಳೀಬೇಕು. ‘ಅನುಮತಿ’ನೂ ಬ್ಯಾಡ, ಅದು ಮ್ಯಾಲಿನವರು ಕೆಳಗಿನವರಿಗೆ ಕೊಡೂದು. ‘ಒಪ್ಪಿಗೆ’ ಬರೀರಿ, ಪಕ್ಕದಾಗ ‘ಹೂಂ ಅಂದ್ರ ಮಾತ್ರ ಹೂಂ’ ಅನ್ನೂದನ್ನ ಸೇರಿಸ್ರಿ.

ಇನ್ನು ಇಂಗ್ಲಿಷಿನ ನೋ. ಅದನ್ನ ‘ಇಲ್ಲ ಎಂದರೆ ಇಲ್ಲ’ ಅಂತ ಬರದವರು ಭಾಳ ಮಂದಿ, ತಪ್ಪು. ಕೊಡಾಕ ಬಂದದ್ದನ್ನ ಕನ್ನಡದಾಗ ‘ಬೇಡ’ ಅಂತೀವಿ, ನಮ್ಮ ಕಡೆ ‘ಒಲ್ಲೆ’. ಆ ಒಲ್ಲೆ ಹುಟ್ಟಿದ್ದು ‘ಒಲ್’ ಅನ್ನೂ ಬೇರಿನಿಂದ, ಒಲವಿನ ಬೇರೂ ಅದೇ. ಒಲವು ಅಂತ ಬರದ ಹಾಳಿಯೊಳಗ ಒಲ್ಲೆನೂ ಇರ್ಲಿ.

ಮೈಸೂರಿನಿಂದ:

‘ಸಮ್ಮತಿ’ ಕಾನೂನಿನ ಪದ. ಒಂದು ಗಾದೆ ಇದೆ ಎಂದು ಪದವನ್ನೇ ಬಿಡುವುದು ಭಾಷಾಶಾಸ್ತ್ರವಲ್ಲ.

ಇಂಥ ಕೂಟಗಳನ್ನು ನಡೆಸುವವರು, ಬೆಂಗಳೂರು:

ಬಾಗಿಲಲ್ಲಿ ಭಾಷಾಶಾಸ್ತ್ರ ಓದುವವರಿರುವುದಿಲ್ಲ ಸರ್. ಧಾರವಾಡದವರು ಹೇಳಿದ್ದು ಸರಿ, ಅದಕ್ಕೆ ಇನ್ನೊಂದು ಸೇರಿಸಿ. ನಮ್ಮಲ್ಲಿ ನೇರವಾಗಿ ಬೇಡ ಎನ್ನುವವರು ಕಡಿಮೆ. ‘ನೋಡೋಣ’, ‘ಆಮೇಲೆ’, ‘ಸ್ವಲ್ಪ ಕೆಲಸ ಇದೆ’ ಎನ್ನುತ್ತಾರೆ. ಇವೆಲ್ಲ ಬೇಡ ಎಂದೇ ಲೆಕ್ಕ ಎಂದು ಸೂಚನೆಯಲ್ಲೇ ಬರೆಯದಿದ್ದರೆ, ಬೆನ್ನು ಹತ್ತಿದವರು ‘ಅವರು ಬೇಡ ಅನ್ನಲೇ ಇಲ್ಲವಲ್ಲ’ ಎಂದು ವಾದಕ್ಕೆ ನಿಲ್ಲುತ್ತಾರೆ.

ನಾಲ್ಕನೇ ಪ್ರಶ್ನೆಗೆ ‘ಬಯಲಿಗೆಳೆಯುವುದು’ ಬೇಡ, ಅದು ಹಗರಣಕ್ಕೆ ಬಳಸುವ ಮಾತು. ಇಲ್ಲಿ ಯಾರೂ ಹಗರಣ ಮಾಡಿಲ್ಲ. ಕನ್ನಡದ ಸಹಾಯಕ ಕ್ರಿಯಾಪದಗಳೇ ಸಾಕು: ಹೇಳಿಕೊಳ್ಳುವುದು ಅವರ ಹಕ್ಕು, ಹೇಳಿಬಿಡುವುದು ನಿಮ್ಮ ತಪ್ಪು. ‘ಕೊಳ್ಳು’ ಮತ್ತು ‘ಬಿಡು’ ಮಾಡುವ ಈ ಭೇದಕ್ಕೆ ಹೊಸ ಪದವೇ ಬೇಕಿಲ್ಲ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಒಂದೇ ಲಿಂಗದ ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ. ಆದರೂ ಬಾಡಿಗೆ ಮನೆ, ಕೆಲಸ, ಮದುವೆ ಒಂದು ಮಾತಿಗೆ ಮುರಿಯುತ್ತವೆ. ಆದ್ದರಿಂದ ‘ಹೊರಗೆ ಹೇಳಬೇಡಿ’ ಎಂದಷ್ಟೇ ಬರೆದರೆ ಸಾಲದು, ಏನನ್ನು ಎಂದೂ ಬರೆಯಿರಿ: ಹೆಸರು, ಊರು, ಯಾರ ಜೊತೆ ಕೂತಿದ್ದರು ಎಂಬುದು. ಮರುದಿನ ಬಸ್ಸಿನಲ್ಲಿ ಸಿಕ್ಕರೆ ಅವರಾಗಿ ಮಾತಾಡಿಸುವ ತನಕ ಗುರುತು ತೋರಿಸಬಾರದು. ಪಕ್ಕದಲ್ಲಿರುವ ಹೆಂಡತಿಯೋ ಅಣ್ಣನೋ ‘ಇವರು ಎಲ್ಲಿ ಪರಿಚಯ?’ ಎಂದರೆ ಅವರು ಉತ್ತರ ಹುಡುಕಬೇಕಾಗುತ್ತದೆ.

ಎದೆಯ ಚೀಟಿಯಲ್ಲಿ ಕರೆಯುವ ಹೆಸರು ಮಾತ್ರ. ಇನಿಷಿಯಲ್ ಬೇಡ, ಅಡ್ಡಹೆಸರು ಬೇಡ. ನಮ್ಮ ಹೆಸರುಗಳಲ್ಲಿ ಊರು, ಜಾತಿ, ಅಪ್ಪ ಎಲ್ಲ ಬಂದುಬಿಡುತ್ತವೆ. ಕನ್ನಡದಲ್ಲಿ ‘ನಾನು ಬಂದೆ’ ಎನ್ನುವವರ ಲಿಂಗ ತಿಳಿಯುವುದಿಲ್ಲ, ತೊಡಕು ಬರುವುದು ಅವನು–ಅವಳು ಎನ್ನುವಾಗ. ಅವರೇ ಬೇರೆ ಹೇಳುವ ತನಕ ಎಲ್ಲರಿಗೂ ‘ಅವರು’, ‘ನೀವು’.

ಫೋಟೊ ವಿಷಯದಲ್ಲಿ ಆಗುವ ತಪ್ಪು ಒಂದೇ: ಬೇಡ ಎನ್ನುವವರಿಗೆ ಕೆಂಪು ಪಟ್ಟಿ ಕೊಡುವುದು. ಪಟ್ಟಿ ಮರೆತವರು, ಮೇಲೆ ಶಾಲು ಹೊದ್ದವರು ಫೋಟೊಗೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಒಪ್ಪಿದವರಿಗೇ ಪಟ್ಟಿ ಕೊಡಿ, ಬಿಳಿಯದು. ಪಟ್ಟಿ ಇಲ್ಲದವರು ಬೇಡ ಎಂದವರು. ಕೆಂಪು–ಹಳದಿ ಜೋಡಿ ನಮ್ಮಲ್ಲಿ ನಾಡಧ್ವಜ, ಬೇರೆ ಯಾವ ಸಂಕೇತಕ್ಕೂ ಅದು ಒದಗುವುದಿಲ್ಲ. ಗುಂಪು ಫೋಟೊ ಒಂದೇ ಗೋಡೆಯ ಮುಂದೆ, 5 ನಿಮಿಷ ಮೊದಲೇ ಕೂಗಿ ಹೇಳಿ. ವಾಟ್ಸ್ಆ್ಯಪ್ ಗುಂಪಿಗೆ ಯಾರನ್ನೂ ಕೇಳದೆ ಸೇರಿಸಬೇಡಿ, ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ.

‘ದೂರು’ ಎಂದರೆ ಪೊಲೀಸ್ ಠಾಣೆ ನೆನಪಾಗಿ ಜನ ಬಾಯಿ ಬಿಡುವುದಿಲ್ಲ. ‘ಕಸಿವಿಸಿಯಾದರೆ ನಮಗೆ ಹೇಳಿ’ ಸಾಕು. ಹೇಳಿಸಿಕೊಳ್ಳುವವರು ಇಬ್ಬರಿರಲಿ, ಎರಡು ಬೇರೆ ಲಿಂಗದವರು, ತೋಳಿಗೆ ಹಸಿರು ಪಟ್ಟಿ. ಮೊದಲು, ಹೇಳಲು ಬಂದವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಸಮಯ ಮತ್ತು ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಂಡು, ಏನಾಗಬೇಕೆಂದು ಅವರನ್ನೇ ಕೇಳಬೇಕು. ಆಮೇಲೆ ಎದುರಿನವರ ಮಾತು. ಎಚ್ಚರಿಕೆಯೋ ಹೊರಗೆ ಕಳಿಸುವುದೋ ಹಸಿರು ಪಟ್ಟಿಯವರಿಬ್ಬರೂ ಸೇರಿ ತೀರ್ಮಾನಿಸಬೇಕು. ಹೇಳಲು ಬಂದವರನ್ನೂ ಎದುರಿನವರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದು ನಮ್ಮ ಊರಿನ ಹಳೆಯ ಅಭ್ಯಾಸ. ಅದು ಮಾಡಲೇಬಾರದ್ದು, ಮುಂದಿನ ಸಲ ಯಾರೂ ಹೇಳಲು ಬರುವುದಿಲ್ಲ.

ಹಾಳೆಯ ಬಗ್ಗೆ: ಹತ್ತು ಅಡಿಯಿಂದ ಓದಬೇಕಾದ ತಲೆಬರಹದ ಅಕ್ಷರ ಒಂದು ಅಂಗುಲಕ್ಕಿಂತ ಕಡಿಮೆ ಇರಬಾರದು. ಸಾಲುಗಳ ಅಂತರ ಒಂದೂವರೆ ಪಟ್ಟು ಇಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಸಾಲಿನ ದೀರ್ಘಕ್ಕೆ ಬಡಿಯುತ್ತದೆ.

ತುಮಕೂರಿನಿಂದ:

ಹಾಗಾದರೆ ಬೈಸೆಕ್ಶುವಲ್ ಎಂದೇ ಬರೆಯುತ್ತೀರಿ. ಪದ ಕಟ್ಟಲಾಗದೆ ಎರವಲು ತರುವುದು ಕನ್ನಡದ ಸೋಲು. ಬಳಸದೆ ಯಾವ ಪದವೂ ಗುರುತಿನದಾಗುವುದಿಲ್ಲ.

ಮಂಗಳೂರಿನಿಂದ:

ಅರ್ಜಿ, ಖುರ್ಚಿ, ಅಲಮಾರು, ಬಸ್ಸು ಬಂದಾಗ ಕನ್ನಡ ಸೋಲಲಿಲ್ಲ. ಇದಕ್ಕೂ ಸೋಲುವುದಿಲ್ಲ.

ಮೈಸೂರಿನಿಂದ:

ಖುರ್ಚಿ ವಸ್ತು. ಇದು ಮನುಷ್ಯರ ಹೆಸರು. ಲ್ಯಾಟಿನ್ನಿನ ಬೈ ಮತ್ತು ಸಂಸ್ಕೃತದ ದ್ವಿ ಒಂದೇ ಬೇರಿನ ಕವಲುಗಳು. ಮನೆಯಲ್ಲಿರುವ ಅಣ್ಣನನ್ನು ಬಿಟ್ಟು ದೂರದ ತಮ್ಮನನ್ನು ಕರೆತರುವುದು ಯಾವ ನ್ಯಾಯ? ಇಂಗ್ಲಿಷಿನಲ್ಲೂ ಆ ಪದ ಮೊದಲು ಹೂವಿನದೇ. ಒಲವಿನ ಅರ್ಥ ಗಟ್ಟಿಯಾದದ್ದು 19ನೇ ಶತಮಾನದ ಕೊನೆಗೆ.

ಅನುವಾದಕಿ:

ಗುರುಗಳೇ, ಹಾಗಿದ್ದರೆ ‘ದ್ವಿಲಿಂಗಿ’ಯೂ ಒಂದು ದಿನ ಹೂವಿನಿಂದ ಮನುಷ್ಯರಿಗೆ ದಾಟಬಹುದು, ನೀವೇ ಹೇಳಿದಂತಾಯಿತು. ನಾಳೆ 11ರೊಳಗೆ ದಾಟುವುದಿಲ್ಲ. ಮನುಷ್ಯರ ಹೆಸರು ಎಂಬುದಕ್ಕೇ ಅವರು ತಮ್ಮನ್ನು ಕರೆದುಕೊಳ್ಳುವ ಪದವನ್ನು ಇಡುತ್ತಿದ್ದೇನೆ, ಕೆಳಗೆ ಒಲವಿನ ವಿವರಣೆಯೊಂದಿಗೆ. ಎಲ್ಲರ ಮಾತಿನಿಂದ ತಯಾರಾದದ್ದು:

‘ಕೂಟದ ನಡೆನುಡಿ

ಇದು ಬೈಸೆಕ್ಷುವಲ್ ಜನರ, ಎಂದರೆ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಒಲವಿರುವವರ ಕೂಟ. ಜೊತೆಗೆ ಬಂದವರಿಗೂ ಸ್ವಾಗತ.

ಮೈ ಮುಟ್ಟುವ ಮೊದಲು ಕೇಳಿ. ಹೂಂ ಅಂದರೆ ಮಾತ್ರ ಹೂಂ. ಸುಮ್ಮನಿದ್ದರೆ ಒಪ್ಪಿದಂತಲ್ಲ.

ಬೇಡ, ಒಲ್ಲೆ, ನೋಡೋಣ, ಆಮೇಲೆ: ಯಾವುದು ಅಂದರೂ ಅಲ್ಲಿಗೆ ನಿಲ್ಲಿಸಿ. ಮತ್ತೆ ಕೇಳಬೇಡಿ.

ಯಾವ ಕಡೆ ಒಲವು ಜಾಸ್ತಿ, ಇದು ಎಷ್ಟು ದಿನ, ಮದುವೆ ಆದ ಮೇಲೆ ಯಾಕೆ ಎಂದು ಯಾರನ್ನೂ ವಿಚಾರಿಸಬೇಡಿ. ಜೊತೆಗಿರುವವರನ್ನು ನೋಡಿ ಒಲವನ್ನು ಊಹಿಸಬೇಡಿ.

ತಮ್ಮ ವಿಷಯವನ್ನು ಅವರವರೇ ಹೇಳಿಕೊಳ್ಳಲಿ, ನೀವು ಹೇಳಿಬಿಡಬೇಡಿ. ಇಲ್ಲಿ ಕಂಡವರ ಹೆಸರು, ಊರು, ಜೊತೆಗಾರರು ಯಾವುದೂ ಹೊರಗೆ ಹೋಗಬಾರದು.

ಬಿಳಿ ಪಟ್ಟಿ ಇಲ್ಲದವರ ಫೋಟೊ ತೆಗೆಯಬೇಡಿ. ಪಟ್ಟಿ ಇದ್ದರೂ ಕೇಳಿ ತೆಗೆಯಿರಿ.

ಎಲ್ಲರಿಗೂ ಗೌರವ ನೀಡಿ: ಅವರು, ನೀವು ಎಂದು ಮಾತಾಡಿಸಿ.

ಕಸಿವಿಸಿಯಾದರೆ ಹಸಿರು ಪಟ್ಟಿಯವರಿಗೆ ಹೇಳಿ. ಏನಾಗಬೇಕೆಂದು ನಿಮ್ಮನ್ನು ಕೇಳಿಯೇ ಮುಂದುವರಿಯುತ್ತೇವೆ.’

ತುಮಕೂರಿನಿಂದ:

ತಲೆಬರಹ ಚೆನ್ನಾಗಿದೆ. ಮೊದಲ ಸಾಲನ್ನು ಒಪ್ಪುವುದಿಲ್ಲ.

ಮೈಸೂರಿನಿಂದ:

ನಾನು ಯಾವುದನ್ನೂ ಒಪ್ಪಿಲ್ಲ. ‘ವಿಚಾರಿಸಬೇಡಿ’ ಮಾತ್ರ ಒಳ್ಳೆಯ ಪ್ರಯೋಗ.

ಧಾರವಾಡದಿಂದ:

‘ಗೌರವ ನೀಡಿ’ ತಗೀರಿ. ನೀಡೂದು ದಾನ, ದೇಣಿಗೆಗೆ. ಸರೀಕರಿಗೆ ‘ಕೊಡಿ’ ಸಾಕು.

ಅನುವಾದಕಿ:

ತೆಗೆದೆ. ಫೈಲ್ ಕಳಿಸಿದೆ.