ಹಳೆಯ ಎಸ್-ಕ್ಲಾಸ್ ಕೊಳ್ಳಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಪರಿಚಿತರೊಬ್ಬರು 2004ರ ಮರ್ಸಿಡಿಸ್ ಎಸ್-ಕ್ಲಾಸ್ ಮಾರುತ್ತಿದ್ದಾರೆ. ಬೆಲೆ ಹೊಸ ಸಣ್ಣ ಕಾರಿಗಿಂತ ಕಡಿಮೆ. ಬಿಳಿಯಾನೆ ಸಾಕಬೇಡ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇಟ್ಟುಕೊಂಡವರು ಯಾರಾದರೂ ಇದ್ದೀರಾ?

ಉತ್ತರ (ಮಂಡ್ಯ):
ನನ್ನಲ್ಲಿದೆ ಸರ್, ಅದೇ ಡಬ್ಲ್ಯು220 (ಆ ತಲೆಮಾರಿನ ಎಸ್-ಕ್ಲಾಸ್‌ಗೆ ಕಂಪನಿಯ ಸಂಕೇತ). ಅದರ ಹೆಸರು ಕೆಡಲು ಮುಖ್ಯ ಕಾರಣ ಏರ್‌ಮ್ಯಾಟಿಕ್ ಸಸ್ಪೆನ್ಷನ್, ಇನ್ನೊಂದು ತುಕ್ಕು. ಏರ್‌ಮ್ಯಾಟಿಕ್‌ನಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ರಬ್ಬರ್ ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ. ಅದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ಚೀಲವನ್ನು ಸಕಾಲದಲ್ಲಿ ಬದಲಿಸಿದರೆ ಕಂಪ್ರೆಸರ್ ಉಳಿಯುತ್ತದೆ. ಆದ್ದರಿಂದ ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ನಾಲ್ಕೂ ಚಕ್ರಗಳ ಮೇಲಿನ ಅಂತರ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಬೆಲೆ ಇಳಿಸಲು ಹೇಳಿ. ಬಾಗಿಲ ಅಂಚಿನಲ್ಲಿ, ಚಕ್ರದ ಕಮಾನಿನಲ್ಲಿ ತುಕ್ಕು ಹಬ್ಬಿದ್ದರೆ ಮಾತ್ರ ಆ ಕಾರು ಬೇಡವೇ ಬೇಡ.

ಕೆಟ್ಟ ಹೆಸರನ್ನು ಬಹುಪಾಲು ತಂದದ್ದು ಆರೈಕೆ ಕಾಣದ ಕಾರುಗಳು ಎಂದೇ ನಾನು ನಂಬಿದ್ದೇನೆ. ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಬರುವಾಗ ಒಳಗಿನ ಆ ನೆಮ್ಮದಿ ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ಉತ್ತರ (ಸರಸ್ವತಿಪುರಂ):
15 ವರ್ಷ ದಾಟಿದ ಕಾರು. ಆರ್‌ಸಿ ನವೀಕರಣವಾಗಿದೆಯೇ ನೋಡಿ. ಅದು 5 ವರ್ಷಕ್ಕೆ ಮಾತ್ರ.

ಮಂಡ್ಯ:
ಹೌದು, ಹಳೆಯ ವಾಹನಕ್ಕೆ ಕಟ್ಟುವ ಹಸಿರು ತೆರಿಗೆಯ ರಸೀದಿಯನ್ನೂ ಕೇಳಿ.